ಪರಿಹಾರ: ಯಾವ ದಿನದ ಬೆಲೆ?

ಸರಕಾರ ಜಮೀನು ವಶಪಡಿಸಿಕೊಂಡಾಗ ಎಕರೆಗೆ ಎಷ್ಟು ಸಿಕ್ಕಿತು ಎಂದು ನಾವೆಲ್ಲ ಕೇಳುತ್ತೇವೆ. ಯಾವ ದಿನದ ಬೆಲೆ ಸಿಕ್ಕಿತು ಎಂದು ಕೇಳುವವರು ಕಡಿಮೆ. ಅನ್ಯಾಯ ಎಷ್ಟೋ ಬಾರಿ ಅಡಗಿರುವುದು ಆ ದಿನಾಂಕದಲ್ಲೇ.

ಬ್ರಿಟಿಷರ 1894ರ ಭೂಸ್ವಾಧೀನ ಕಾಯ್ದೆಯು ಮಾರುಕಟ್ಟೆ ಬೆಲೆಯನ್ನೂ, ಬಲವಂತವಾಗಿ ಪಡೆದುದಕ್ಕಾಗಿ ಅದರ ಮೇಲೆ ಶೇ. 15ನ್ನೂ ಕೊಡಬೇಕೆಂದಿತ್ತು. 1923ರ ತಿದ್ದುಪಡಿಯ ಬಳಿಕ ಪ್ರಾಥಮಿಕ ಅಧಿಸೂಚನೆಯ ದಿನದ ಬೆಲೆಯೇ ಲೆಕ್ಕಕ್ಕೆ ಬಂತು. ಯೋಜನೆಯ ಸುದ್ದಿಯಿಂದಲೇ ಏರುವ ಬೆಲೆಯನ್ನು ಸರಕಾರ ಯಾಕೆ ತೆರಬೇಕು ಎಂಬ ವಾದದಲ್ಲಿ ಹುರುಳಿದೆ. ಆದರೆ ಅಧಿಸೂಚನೆ ಹೊರಡಿಸಿ ವರ್ಷಗಟ್ಟಲೆ ಸುಮ್ಮನಿದ್ದರೆ?

ಪೂರ್ವ ಬಂಗಾಳದಿಂದ ಬಂದ ನಿರಾಶ್ರಿತರಿಗೆ ನೆಲೆ ಒದಗಿಸಲು ಪಶ್ಚಿಮ ಬಂಗಾಳವು 1948ರಲ್ಲಿ ಕಾನೂನೊಂದನ್ನು ಮಾಡಿತು. ಜಮೀನನ್ನು ಯಾವಾಗಲೇ ಪಡೆಯಲಿ, ಪರಿಹಾರವು 1946ರ ಡಿಸೆಂಬರ್ 31ರ ಬೆಲೆಯನ್ನು ಮೀರಕೂಡದು ಎಂದಿತು. ಉದ್ದೇಶ ಉದಾತ್ತವೇ. ಆದರೆ ಇಡೀ ಸಮಾಜದ ಹೊಣೆಯನ್ನು ಕೆಲವೇ ಭೂಮಾಲಿಕರು ಹೊರಬೇಕೇ? ಪರಿಹಾರವೆಂದರೆ ಕಳೆದುಕೊಂಡುದಕ್ಕೆ ಸಮನಾದ ಮೌಲ್ಯ ಎಂದು ಸುಪ್ರೀಂ ಕೋರ್ಟ್ 1953ರಲ್ಲಿ ತೀರ್ಪಿತ್ತು, ಆ ಮಿತಿಯನ್ನು ರದ್ದುಪಡಿಸಿತು.

ಸಂಸತ್ತು 1955ರಲ್ಲಿ ಸಂವಿಧಾನವನ್ನೇ ತಿದ್ದಿ, ಪರಿಹಾರ ಸಾಕೇ ಎಂಬ ಪ್ರಶ್ನೆಯನ್ನು ನ್ಯಾಯಾಲಯದಿಂದ ಹೊರಗಿಟ್ಟಿತು. ಭೂಸುಧಾರಣೆಗೆ ಅದು ಬೇಕಿತ್ತು ಎಂಬುದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಜಮೀನ್ದಾರನನ್ನೂ ಸಣ್ಣ ರೈತನನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು. 1964ರ ತಿದ್ದುಪಡಿ ಇದನ್ನು ಒಪ್ಪಿತು: ಮಿತಿಯೊಳಗಿನ, ಸ್ವಂತ ಸಾಗುವಳಿಯ ಜಮೀನಿಗೆ ಮಾರುಕಟ್ಟೆ ಬೆಲೆಗಿಂತ ಕಡಿಮೆ ಕೊಡುವಂತಿಲ್ಲ ಎಂದಿತು. 1978ರ ತಿದ್ದುಪಡಿಯಿಂದ ಆಸ್ತಿಯು ಮೂಲಭೂತ ಹಕ್ಕಾಗಿ ಉಳಿಯಲಿಲ್ಲ. ಸಾಂವಿಧಾನಿಕ ಹಕ್ಕಾಗಿ ಉಳಿಯಿತು.

1984ರಲ್ಲಿ ಶೇ. 15 ಇದ್ದುದು ಶೇ. 30 ಆಯಿತು; ವಿಳಂಬಕ್ಕಾಗಿ ವರ್ಷಕ್ಕೆ ಶೇ. 12 ಸೇರಿತು. 2013ರ ಕಾಯ್ದೆ ಅದನ್ನು ಶೇ. 100ಕ್ಕೆ ಏರಿಸಿತು. ಆದರೂ ದಿನಾಂಕದ ಜಗಳ ಮುಗಿಯಲಿಲ್ಲ.

ನಮ್ಮದೇ ಬೆಂಗಳೂರು-ಮೈಸೂರು ಕಾರಿಡಾರ್ ಯೋಜನೆಯನ್ನು ನೋಡಿ. ಪ್ರಾಥಮಿಕ ಅಧಿಸೂಚನೆ 2003ರಲ್ಲಿ; ಜಾಗ ಕೈತಪ್ಪಿದ್ದು 2005ರಲ್ಲಿ. ಕೆಲವರಿಗೆ ಪರಿಹಾರ ನಿಗದಿಯಾದದ್ದು 2019ರ ಏಪ್ರಿಲ್ 22ರಂದು, ಅದೂ ನ್ಯಾಯಾಂಗ ನಿಂದನೆಯ ಅರ್ಜಿ ಹೂಡಿದ ಬಳಿಕ. 2003ರ ಬೆಲೆ ಕೊಟ್ಟರೆ ಅದು ನ್ಯಾಯದ ಅಣಕವಾಗುತ್ತದೆಂದ ಸುಪ್ರೀಂ ಕೋರ್ಟ್, 2019ರ ಆ ದಿನದ ಬೆಲೆಯನ್ನೇ ಕೊಡಬೇಕೆಂದು 2025ರ ಜನವರಿಯಲ್ಲಿ ಆದೇಶಿಸಿತು.

ಇಲ್ಲಿ ತಡಮಾಡಿದ್ದು ಅಧಿಕಾರಿಗಳು. ಅದರ ನಷ್ಟವನ್ನು ಜಾಗ ಕಳೆದುಕೊಂಡವನ ತಲೆಗೆ ಕಟ್ಟುವುದು ಯಾವ ನ್ಯಾಯ? ಸುಪ್ರೀಂ ಕೋರ್ಟಿನವರೆಗೆ ಹೋಗಲಾರದವನಿಗೂ ಈ ನ್ಯಾಯ ತಾನಾಗಿ ಸಿಗಬೇಕು. ಹಾಗಾಗದಿದ್ದರೆ, ಎಷ್ಟು ಕಾಯ್ದೆ ಬಂದರೂ ಪರಿಹಾರವೆಂಬ ಮಾತಿಗೆ ಅರ್ಥವಿರದು.