ಸೋತವರಿಗೂ ಸಲ್ಲುತ್ತಿದ್ದ ಪ್ರಶಸ್ತಿ

ಅಮೆರಿಕದ ಕಾಲೇಜು ಬಾಸ್ಕೆಟ್‌ಬಾಲ್‌ನ ಎನ್‌ಸಿಎಎ ಪಂದ್ಯಾವಳಿ 1939ರಲ್ಲಿ ಕೇವಲ ಎಂಟು ತಂಡಗಳೊಂದಿಗೆ ಶುರುವಾಯಿತು. ಇಲಿನಾಯ್ ರಾಜ್ಯದ ಇವಾನ್‌ಸ್ಟನ್‌ನಲ್ಲಿ ನಡೆದ ಮೊದಲ ಫೈನಲ್‌ನಲ್ಲಿ ಒರೆಗಾನ್ ತಂಡ ಒಹಾಯೊ ಸ್ಟೇಟ್ ತಂಡವನ್ನು 46-33ರಿಂದ ಮಣಿಸಿತು. ಆದರೆ ಪಂದ್ಯಾವಳಿಯ ಅತ್ಯುತ್ತಮ ಆಟಗಾರರ ಪಟ್ಟಿಯ ಮೊದಲ ಹೆಸರು ಸೋತ ಒಹಾಯೊ ಸ್ಟೇಟ್‌ನ ಜಿಮ್ಮಿ ಹಲ್ ಅವರದು.

ಇಂದು ಟ್ರೋಫಿ ಎತ್ತಿದ ತಂಡದವರಿಗೇ ಈ ಪ್ರಶಸ್ತಿ ಹೋಗುವುದು ಸಹಜ ಎನಿಸಿಬಿಟ್ಟಿದೆ. ಮೊದಲ ನಾಲ್ಕೂವರೆ ದಶಕಗಳ ದಾಖಲೆ ತೆರೆದರೆ ಚಿತ್ರವೇ ಬೇರೆ. ಅದರಲ್ಲೂ 1956ರಿಂದ 1966ರವರೆಗಿನ ಹನ್ನೊಂದು ವರ್ಷಗಳಲ್ಲಿ ಎಂಟು ಸಲ ಪ್ರಶಸ್ತಿ ಚಾಂಪಿಯನ್ ಅಲ್ಲದ ತಂಡದ ಆಟಗಾರನ ಪಾಲಾಯಿತು.

ಈ ಸಾಲು ಶುರುವಾದ ಬಗೆಯೇ ಅಚ್ಚರಿಯದು. 1956ರ ಫೈನಲ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ವಿಶ್ವವಿದ್ಯಾಲಯದ ಬಿಲ್ ರಸೆಲ್ 26 ಅಂಕ ಗಳಿಸಿ, 27 ರೀಬೌಂಡ್ ಹಿಡಿದು ಅಯೋವಾ ತಂಡವನ್ನು 83-71ರಿಂದ ಸೋಲಿಸಲು ಕಾರಣರಾದರು. ಹಿಂದಿನ ವರ್ಷ ಪ್ರಶಸ್ತಿ ಅವರದೇ ಆಗಿತ್ತು. ಈ ಸಲ ಅದು ಮೂರನೇ ಸ್ಥಾನಕ್ಕೆ ಬಂದ ಟೆಂಪಲ್ ತಂಡದ ಹಾಲ್ ಲಿಯರ್‌ಗೆ ಹೋಯಿತು. ಮೂರನೇ ಸ್ಥಾನದ ಪಂದ್ಯವೊಂದರಲ್ಲೇ ಲಿಯರ್ 48 ಅಂಕ ಹೊಡೆದಿದ್ದರು. ಎದುರಾಳಿಯ ಎಸೆತಗಳನ್ನು ತಡೆದು, ಚೆಂಡನ್ನು ಕಸಿದು ಗೆಲ್ಲಿಸುವ ರಸೆಲ್‌ರ ಆಟಕ್ಕೆ ಅಂಕಪಟ್ಟಿಯಲ್ಲಿ ಪೂರ್ತಿ ಲೆಕ್ಕ ಸಿಗುವಂತಿರಲಿಲ್ಲ. ಆ ಆಟವೇ ಮುಂದೆ ಬಾಸ್ಟನ್ ಸೆಲ್ಟಿಕ್ಸ್ ತಂಡಕ್ಕೆ ಹನ್ನೊಂದು ಎನ್‌ಬಿಎ ಪಟ್ಟಗಳನ್ನು ತಂದುಕೊಟ್ಟಿತು. 1956ರ ನಿರ್ಣಯ ರಸೆಲ್‌ಗೆ ನ್ಯಾಯ ಒದಗಿಸಲಿಲ್ಲ ಎಂದೇ ಹೇಳಬೇಕಾಗುತ್ತದೆ.

ಮುಂದಿನ ಮೂರು ವರ್ಷಗಳ ನಿರ್ಣಯಗಳನ್ನು ಮಾತ್ರ ಯಾರೂ ಸುಲಭವಾಗಿ ತಳ್ಳಿಹಾಕಲಾರರು. 1957ರಲ್ಲಿ ಕ್ಯಾನ್ಸಸ್‌ನ ವಿಲ್ಟ್ ಚೇಂಬರ್ಲೇನ್, 1958ರಲ್ಲಿ ಸಿಯಾಟಲ್‌ನ ಎಲ್ಜಿನ್ ಬೇಲರ್, 1959ರಲ್ಲಿ ವೆಸ್ಟ್ ವರ್ಜೀನಿಯಾದ ಜೆರ್ರಿ ವೆಸ್ಟ್: ಮೂವರೂ ಫೈನಲ್‌ನಲ್ಲಿ ಸೋತು ಪ್ರಶಸ್ತಿ ಪಡೆದವರು. ಚೇಂಬರ್ಲೇನ್ ತಂಡ ಮೂರು ಹೆಚ್ಚುವರಿ ಅವಧಿಗಳ ನಂತರ ನಾರ್ತ್ ಕ್ಯಾರೊಲಿನಾಗೆ 54-53ರಿಂದ ತಲೆಬಾಗಿತು. ವೆಸ್ಟ್ ತಂಡ ಕ್ಯಾಲಿಫೋರ್ನಿಯಾ ಎದುರು 71-70ರಲ್ಲಿ ಸೋತಿತು. ಒಂದೊಂದು ಅಂಕದ ಸೋಲು ಒಬ್ಬ ಆಟಗಾರನ ಯೋಗ್ಯತೆಯನ್ನು ಅಳೆಯಲಾರದು ಎಂಬ ನಿಲುವು ಈ ಆಯ್ಕೆಗಳ ಹಿಂದಿತ್ತು.

1965ರಲ್ಲಿ ಈ ನಿಲುವು ಕಠಿಣ ಪರೀಕ್ಷೆಗೆ ಒಳಗಾಯಿತು. ಪೋರ್ಟ್‌ಲ್ಯಾಂಡ್‌ನಲ್ಲಿ ನಡೆದ ಮೂರನೇ ಸ್ಥಾನದ ಪಂದ್ಯದಲ್ಲಿ ಪ್ರಿನ್ಸ್‌ಟನ್‌ನ ಬಿಲ್ ಬ್ರಾಡ್ಲಿ ವಿಚಿಟಾ ಸ್ಟೇಟ್ ವಿರುದ್ಧ 58 ಅಂಕ ಗಳಿಸಿದರು. ಇತ್ತ ಫೈನಲ್‌ನಲ್ಲಿ ಯುಸಿಎಲ್‌ಎ ತಂಡದ ಗೇಲ್ ಗುಡ್‌ರಿಚ್ ಮಿಶಿಗನ್ ವಿರುದ್ಧ 42 ಅಂಕ ಗಳಿಸಿ ತಂಡಕ್ಕೆ ಪಟ್ಟ ತಂದರು. ಪ್ರಶಸ್ತಿ ಬ್ರಾಡ್ಲಿಗೆ ದಕ್ಕಿತು. ಮುಂದೆ ನ್ಯೂಜೆರ್ಸಿಯ ಸೆನೆಟರ್ ಆದವರು ಇದೇ ಬ್ರಾಡ್ಲಿ. ಮರುವರ್ಷ ಇನ್ನೂ ಒಂದು ಮೆಟ್ಟಿಲು ಕೆಳಗಿಳಿದು, ನಾಲ್ಕನೇ ಸ್ಥಾನ ಪಡೆದ ಯೂಟಾ ತಂಡದ ಜೆರ್ರಿ ಚೇಂಬರ್ಸ್ ಅವರನ್ನು ಆರಿಸಲಾಯಿತು. ನಾಲ್ಕು ಪಂದ್ಯಗಳಲ್ಲಿ ಅವರು ಗಳಿಸಿದ್ದು 143 ಅಂಕ. ಐವರು ಕಪ್ಪು ಆಟಗಾರರನ್ನು ಮೊದಲಿಗೇ ಕಣಕ್ಕಿಳಿಸಿ ಕೆಂಟಕಿಯನ್ನು 72-65ರಿಂದ ಸೋಲಿಸಿದ ಟೆಕ್ಸಸ್ ವೆಸ್ಟರ್ನ್ ತಂಡದ ಐತಿಹಾಸಿಕ ಗೆಲುವು ಆ ವರ್ಷದ್ದೇ. ಚೇಂಬರ್ಸ್ ಕೂಡ ಕಪ್ಪು ಆಟಗಾರ. ಹೀಗಾಗಿ ಇಲ್ಲಿ ಬಣ್ಣಕ್ಕಿಂತ ಹೆಚ್ಚಾಗಿ ಅಂಕಗಳ ಮೋಹವೇ ಕೆಲಸ ಮಾಡಿದಂತೆ ಕಾಣುತ್ತದೆ. ಆದರೂ ಅಮೆರಿಕದ ಕ್ರೀಡಾ ಚರಿತ್ರೆಯನ್ನೇ ತಿರುಗಿಸಿದ ಆ ತಂಡದ ಒಬ್ಬರ ಹೆಸರೂ ಈ ಪಟ್ಟಿಯಲ್ಲಿ ಇಲ್ಲದಿರುವುದು ನೋವಿನ ಸಂಗತಿ.

ಆಮೇಲೆ ಬಂದವರು ಲ್ಯೂ ಆಲ್ಸಿಂಡರ್, ಅಂದರೆ ಮುಂದಿನ ಕರೀಂ ಅಬ್ದುಲ್ ಜಬ್ಬಾರ್. 1967, 1968, 1969, ಮೂರೂ ವರ್ಷ ಪಟ್ಟ ಯುಸಿಎಲ್‌ಎಯದು, ಪ್ರಶಸ್ತಿ ಅವರದು. ಪುರುಷರಲ್ಲಿ ಈ ಗೌರವವನ್ನು ಮೂರು ಸಲ ಪಡೆದವರು ಬೇರೆ ಯಾರೂ ಇಲ್ಲ. ಮೂರೇ ಏಕೆ ಎಂಬುದಕ್ಕೆ ಉತ್ತರ ನಿಯಮಗಳಲ್ಲಿದೆ: ಆಗ ಪ್ರಥಮ ವರ್ಷದ ವಿದ್ಯಾರ್ಥಿಗಳು ಮುಖ್ಯ ತಂಡದಲ್ಲಿ ಆಡುವಂತಿರಲಿಲ್ಲ. 1965ರಲ್ಲಿ ಆಲ್ಸಿಂಡರ್ ಇದ್ದ ಹೊಸಬರ ತಂಡ, ಎರಡು ವರ್ಷ ಸತತ ಚಾಂಪಿಯನ್ ಆಗಿದ್ದ ತನ್ನದೇ ಕಾಲೇಜಿನ ಮುಖ್ಯ ತಂಡವನ್ನು 75-60ರಿಂದ ಸೋಲಿಸಿತ್ತು. ಈ ನಿರ್ಬಂಧ 1972-73ರ ಋತುವಿನಿಂದ ಸಡಿಲವಾಯಿತು. 1986ರಲ್ಲಿ ಲೂಯಿವಿಲ್‌ನ ಪರ್ವಿಸ್ ಎಲಿಸನ್ ಪ್ರಥಮ ವರ್ಷದಲ್ಲೇ ಪ್ರಶಸ್ತಿ ಪಡೆದರು. ಅವರಿಗೂ ಮುಂಚೆ ಆ ಸಾಧನೆ ಮಾಡಿದ್ದವರು ಯುದ್ಧಕಾಲದ 1944ರಲ್ಲಿ ಆಡಿದ್ದ ಯೂಟಾದ ಆರ್ನಿ ಫೆರಿನ್ ಒಬ್ಬರೇ.

1971ರ ಸಾಲು ಖಾಲಿ. ವಿಲನೋವಾದ ಹೋವರ್ಡ್ ಪೋರ್ಟರ್ ಸೋತ ತಂಡದಿಂದ ಆಯ್ಕೆಯಾಗಿದ್ದರು. ಕಾಲೇಜಿನಲ್ಲಿದ್ದಾಗಲೇ ವೃತ್ತಿಪರ ಒಪ್ಪಂದಕ್ಕೆ ಸಹಿ ಹಾಕಿದ್ದು ಬಯಲಾಗಿ ಅವರ ಹೆಸರನ್ನು ಅಳಿಸಲಾಯಿತು.

ಸೋತ ತಂಡದಿಂದ ಆಯ್ಕೆಯಾದ ಕೊನೆಯ ಪುರುಷ ಆಟಗಾರ ಹ್ಯೂಸ್ಟನ್‌ನ ಅಕೀಂ ಒಲಾಜುವಾನ್. 1983ರ ಸೆಮಿಫೈನಲ್‌ನಲ್ಲಿ 21 ಅಂಕ, 22 ರೀಬೌಂಡ್. ಫೈನಲ್‌ನಲ್ಲಿ 20 ಅಂಕ, 18 ರೀಬೌಂಡ್. ಕೊನೆಯ ಕ್ಷಣದಲ್ಲಿ ಲೊರೆಂಜೊ ಚಾರ್ಲ್ಸ್ ಹಾಕಿದ ಡಂಕ್‌ನಿಂದ ನಾರ್ತ್ ಕ್ಯಾರೊಲಿನಾ ಸ್ಟೇಟ್ 54-52ರಿಂದ ಗೆದ್ದಿತು.

ಆ ನಂತರ ಬಾಗಿಲು ಮುಚ್ಚಿದ್ದೇಕೆ? 1981ರ ಬಳಿಕ ಮೂರನೇ ಸ್ಥಾನದ ಪಂದ್ಯವನ್ನೇ ಕೈಬಿಟ್ಟದ್ದು ಒಂದು ಕಾರಣ. ಲಿಯರ್, ಬ್ರಾಡ್ಲಿ, ಚೇಂಬರ್ಸ್‌ರಂಥವರು ಎರಡನೇ ಅವಕಾಶ ಪಡೆದದ್ದು ಆ ಪಂದ್ಯದಲ್ಲೇ. ಆದರೆ ಚೇಂಬರ್ಲೇನ್, ವೆಸ್ಟ್, ಒಲಾಜುವಾನ್ ಸೋತದ್ದು ಫೈನಲ್‌ನಲ್ಲಿ. ಅಂಥವರಿಗೆ ಇಂದೂ ಅಡ್ಡಿಯಿಲ್ಲ. ಬದಲಾಗಿರುವುದು ಮತ ಹಾಕುವ ಪತ್ರಕರ್ತರ ದೃಷ್ಟಿ. ಕೊನೆಯ ರಾತ್ರಿಯ ಗೆಲುವು ಉಳಿದೆಲ್ಲವನ್ನೂ ಮರೆಸುತ್ತದೆ. 1987ರಲ್ಲಿ ಇಂಡಿಯಾನಾದ ಸ್ಟೀವ್ ಆಲ್ಫರ್ಡ್ 23 ಅಂಕ ಗಳಿಸಿದರೂ, ಗೆಲುವಿನ ಎಸೆತ ಹಾಕಿದ ಸಹ ಆಟಗಾರ ಕೀತ್ ಸ್ಮಾರ್ಟ್ 21 ಅಂಕಗಳಿಗೆ ಪ್ರಶಸ್ತಿ ಪಡೆದರು.

ಮಹಿಳೆಯರ ಎನ್‌ಸಿಎಎ ಪಂದ್ಯಾವಳಿ ಆರಂಭವಾದದ್ದು 1982ರಲ್ಲಿ. ಮೊದಲ ಪ್ರಶಸ್ತಿ ಲೂಸಿಯಾನಾ ಟೆಕ್‌ನ ಜಾನಿಸ್ ಲಾರೆನ್ಸ್‌ಗೆ. ಕನೆಕ್ಟಿಕಟ್‌ನ ಬ್ರಿಯಾನಾ ಸ್ಟೂವರ್ಟ್ 2013ರಿಂದ 2016ರವರೆಗೆ ನಾಲ್ಕಕ್ಕೆ ನಾಲ್ಕೂ ವರ್ಷ ಪಟ್ಟದ ಜೊತೆ ಪ್ರಶಸ್ತಿಯನ್ನೂ ಗೆದ್ದರು. ಆಲ್ಸಿಂಡರ್‌ಗೆ ಸಿಗದ ಆ ನಾಲ್ಕನೇ ವರ್ಷ ಅವರಿಗೆ ಸಿಕ್ಕಿತ್ತು. ಸೋತೂ ಆಯ್ಕೆಯಾದ ಮಹಿಳೆ ವರ್ಜೀನಿಯಾದ ಡಾನ್ ಸ್ಟೇಲಿ ಒಬ್ಬರೇ. 1991ರಲ್ಲಿ ಅವರ ತಂಡ ಹೆಚ್ಚುವರಿ ಅವಧಿಯಲ್ಲಿ ಟೆನೆಸ್ಸಿಗೆ 70-67ರಿಂದ ಸೋತಿತ್ತು.

ಆ ಹಳೆಯ ಔದಾರ್ಯ ಇಂದಿಗೂ ಬೇಕಿತ್ತು. 2023ರಲ್ಲಿ ಅಯೋವಾದ ಕೇಟ್ಲಿನ್ ಕ್ಲಾರ್ಕ್ ಅಜೇಯವಾಗಿ ಬಂದಿದ್ದ ಸೌತ್ ಕ್ಯಾರೊಲಿನಾವನ್ನು ಸೆಮಿಫೈನಲ್‌ನಲ್ಲಿ 41 ಅಂಕ ಗಳಿಸಿ ಕೆಡವಿದರು, ಇಡೀ ಪಂದ್ಯಾವಳಿಯಲ್ಲಿ ದಾಖಲೆಯ 191 ಅಂಕ ಪೇರಿಸಿದರು. ಪ್ರಶಸ್ತಿ ಚಾಂಪಿಯನ್ ಎಲ್‌ಎಸ್‌ಯುನ ಏಂಜೆಲ್ ರೀಸ್‌ಗೆ ಹೋಯಿತು. ಮರುವರ್ಷದ ಪುರುಷರ ಫೈನಲ್‌ನಲ್ಲಿ ಪರ್ಡ್ಯೂದ ಝ್ಯಾಕ್ ಈಡಿ 37 ಅಂಕ ಗಳಿಸಿ ಸೋತರು. 20 ಅಂಕ ಗಳಿಸಿದ ಕನೆಕ್ಟಿಕಟ್‌ನ ಟ್ರಿಸ್ಟನ್ ನ್ಯೂಟನ್ ಆಯ್ಕೆಯಾದರು. 1950ರ ದಶಕದ ಮತದಾರರು ಕುಳಿತಿದ್ದರೆ ಈ ಎರಡೂ ನಿರ್ಣಯ ತಿರುಗುವ ಸಾಧ್ಯತೆ ದೊಡ್ಡದಾಗಿತ್ತು.