ಚಕ್ರವರ್ತಿಯ ಸಮಾಧಿ, ರಕ್ತಸಾಕ್ಷಿಯ ಆಲಯ

ಕ್ರೊಯೇಷಿಯಾದ ಕಡಲತೀರದ ಸ್ಪ್ಲಿಟ್ ನಗರದಲ್ಲಿ ಎರಡು ದಿನ ಕಳೆಯುವ ಅವಕಾಶ ನಿಮಗೆ ದೊರೆತರೆ, ಬಂದರಿನ ಸೊಬಗನ್ನು ಸವಿದ ಮೇಲೆ ಅಲ್ಲಿನ ಪುರಾತನ ಅರಮನೆಯೊಳಗೆ ತಪ್ಪದೆ ಹೆಜ್ಜೆಯಿಡಿ. ಅದನ್ನು ಕಟ್ಟಿಸಿದವನು ರೋಮನ್ ಚಕ್ರವರ್ತಿ ಡಯೋಕ್ಲೀಷಿಯನ್. ಕ್ರಿ.ಶ. 303ರಲ್ಲಿ ಕ್ರೈಸ್ತರ ದೇವಾಲಯಗಳನ್ನು ಕೆಡವಲು, ಪವಿತ್ರ ಗ್ರಂಥಗಳನ್ನು ಸುಡಲು ಆಜ್ಞಾಪಿಸಿದವನೂ ಅವನೇ. ಮರುವರ್ಷ ನೆರೆಯ ಸಲೋನಾದ ಧರ್ಮಾಧ್ಯಕ್ಷ ದೊಮ್ನಿಯುಸ್ ರಕ್ತಸಾಕ್ಷಿಯಾದರು. 305ರಲ್ಲಿ ಸಿಂಹಾಸನ ತ್ಯಜಿಸಿದ ಚಕ್ರವರ್ತಿ ಈ ಅರಮನೆಯಲ್ಲಿ ನೆಲೆಸಿದನು. ಎಂಟು ಮೂಲೆಗಳ ಭವ್ಯ ಸಮಾಧಿಮಂದಿರವೊಂದನ್ನೂ ತನಗಾಗಿ ಕಟ್ಟಿಸಿಕೊಂಡಿದ್ದನು.

ಏಳನೆಯ ಶತಮಾನದಲ್ಲಿ ಅವಾರರ ಹಾಗೂ ಸ್ಲಾವರ ದಾಳಿಗೆ ಸಲೋನಾ ನಾಶವಾಯಿತು. ಮನೆಮಠ ಕಳೆದುಕೊಂಡ ಜನ ಅರಮನೆಯ ದಪ್ಪ ಗೋಡೆಗಳ ಆಸರೆ ಪಡೆದರು. ಸಮಾಧಿಮಂದಿರವು ಅವರ ಪ್ರಧಾನಾಲಯವಾಯಿತು. ಮುಂದೆ ಜೂಪಿಟರನ ಗುಡಿ ಜ್ಞಾನಸ್ನಾನ ಮಂದಿರವಾಯಿತು.

ಚಕ್ರವರ್ತಿಯ ಶವಪೆಟ್ಟಿಗೆ ಎಂದೋ ಕಣ್ಮರೆಯಾಗಿದೆ. ಅಲ್ಲಿ ಇಂದು ಪೂಜ್ಯರಾಗಿರುವವರು ಸಂತ ದೊಮ್ನಿಯುಸ್. ಮೇ 7ರಂದು ನಗರವೆಲ್ಲ ಅವರ ಹಬ್ಬವನ್ನು ಆಚರಿಸುತ್ತದೆ. ಒಳಗೋಡೆಯ ಶಿಲ್ಪಪಟ್ಟಿಯಲ್ಲಿರುವ ಒಂದು ಮುಖ ಡಯೋಕ್ಲೀಷಿಯನನದೆಂದು ಹೇಳುತ್ತಾರೆ. ತಾನು ಅಡಗಿಸಬಯಸಿದ ಪ್ರಾರ್ಥನೆಯನ್ನು ಆ ಕಲ್ಲಿನ ಮುಖ ಇಂದಿಗೂ ಆಲಿಸುತ್ತಿದೆ. ಹಿಂಸಕನ ಮನೆಯೇ ನಿರಾಶ್ರಿತರ ಮನೆಯಾದ ಆ ಅಂಗಳದಲ್ಲಿ ಕ್ಷಣಕಾಲ ಮೌನವಾಗಿ ನಿಲ್ಲಿರಿ.