ಪತಿತರ ಪುನರಂಗೀಕಾರ

ಕ್ರಿಸ್ತಶಕ 249ರಲ್ಲಿ ಡೀಷಿಯಸ್ ಎಂಬುವನು ರೋಮಾ ಸಾಮ್ರಾಜ್ಯದ ಪಟ್ಟವನ್ನೇರಿದನು. ಗಡಿಗಳಲ್ಲಿ ಗಾಥರ ಹಾವಳಿ, ಒಳಗೆ ದಂಗೆಗಳ ಕಾಟ, ಕಾಲವು ವಿಷಮವಾಗಿದ್ದಿತು. ದೇವತೆಗಳ ಪ್ರಸನ್ನತೆಯೇ ರಾಜ್ಯದ ಕ್ಷೇಮಕ್ಕೆ ಆಧಾರವೆಂಬುದು ರೋಮನರ ಪುರಾತನ ನಂಬಿಕೆ. ಆದುದರಿಂದ ಪ್ರಜೆಗಳೆಲ್ಲರೂ ಅಧಿಕಾರಿಗಳೆದುರಿಗೆ ದೇವತೆಗಳಿಗೆ ಬಲಿಯರ್ಪಿಸಿ, ಪಾನನೈವೇದ್ಯ ಮಾಡಿ, ಬಲಿಯ ಮಾಂಸವನ್ನು ರುಚಿನೋಡಿ, ಹಾಗೆ ಮಾಡಿದುದಕ್ಕೆ ಪ್ರಮಾಣಪತ್ರವನ್ನು ಪಡೆಯತಕ್ಕದ್ದೆಂದು ಆಜ್ಞೆಯಾಯಿತು. ಇಂತಹ ಪತ್ರಗಳು 40ಕ್ಕೂ ಹೆಚ್ಚಾಗಿ ಐಗುಪ್ತದ ಮರಳಿನಲ್ಲಿ ದೊರೆತಿವೆ.

ಈ ಆಜ್ಞೆಯು ಕ್ರೈಸ್ತಸಭೆಗೆ ಸಿಡಿಲಿನಂತೆ ಬಂದೆರಗಿತು. ರೋಮಾಪುರದ ಬಿಷಪನಾದ ಫೇಬಿಯನನು 250ರ ಜನವರಿಯಲ್ಲಿ ಪ್ರಾಣತೆತ್ತನು. ಅನೇಕರು ಸೆರೆಮನೆಯನ್ನು ಸೇರಿದರು. ಆದರೆ ಅವರಿಗಿಂತ ಹೆಚ್ಚಿನ ಮಂದಿ ಭಯಕ್ಕೆ ಸೋತರು. ಕೆಲವರು ಬಲಿಯನ್ನಿತ್ತರು, ಕೆಲವರು ಧೂಪವನ್ನು ಮಾತ್ರ ಹಾಕಿದರು, ಮತ್ತೆ ಕೆಲವರು ಬಲಿಯನ್ನೇ ಕೊಡದೆ ಅಧಿಕಾರಿಗಳಿಗೆ ಹಣ ತೆತ್ತು ಪತ್ರವನ್ನು ಸಂಪಾದಿಸಿಕೊಂಡರು. ಇವರೆಲ್ಲರಿಗೂ ‘ಬಿದ್ದವರು’ ಎಂಬ ಹೆಸರಾಯಿತು.

ಬಿದ್ದವರು ಬಹುಬೇಗನೆ ಎಚ್ಚೆತ್ತರು. ಹಿಂಸೆಯು ಪೂರಾ ನಿಲ್ಲುವುದಕ್ಕೆ ಮೊದಲೇ ಅವರು ಕಣ್ಣೀರಿನೊಡನೆ ಸಭೆಯ ಬಾಗಿಲಿಗೆ ಮರಳಿದರು. ಅವರನ್ನು ಏನು ಮಾಡತಕ್ಕದ್ದು? ಸೆರೆಯಲ್ಲಿ ಕಷ್ಟಪಟ್ಟವರ ಮುಖವನ್ನು ನೋಡಿದರೆ ಬಾಗಿಲನ್ನು ಮುಚ್ಚಬೇಕು. ಅಳುತ್ತ ನಿಂತವರ ಮುಖವನ್ನು ನೋಡಿದರೆ ತೆರೆಯಬೇಕು.

ಆಫ್ರಿಕದ ಕಾರ್ಥೇಜ್ ಪಟ್ಟಣದಲ್ಲಿ ಈ ಪ್ರಶ್ನೆ ತೀವ್ರವಾಯಿತು. ಅಲ್ಲಿಯ ಬಿಷಪನಾದ ಸಿಪ್ರಿಯನನು ಹಿಂಸೆಯ ಕಾಲದಲ್ಲಿ ಅಡಗಿಕೊಂಡು, ಪತ್ರಗಳ ಮೂಲಕವೇ ಸಭೆಯನ್ನು ನಡೆಸುತ್ತಿದ್ದನು. ಇತ್ತ ಸೆರೆಯಲ್ಲಿದ್ದ ವೀರರು ಬಿದ್ದವರಿಗೆ ಸಮಾಧಾನಪತ್ರಗಳನ್ನು ಬರೆದುಕೊಡತೊಡಗಿದರು. ಇಂತಹವನನ್ನು ಅವನ ಪರಿವಾರಸಹಿತ ಸೇರಿಸಿಕೊಳ್ಳಿರೆಂದು ಹೆಸರು ಲೆಕ್ಕಗಳಿಲ್ಲದ ಪತ್ರಗಳೂ ಹೊರಟವು. ಫೆಲಿಸಿಸ್ಸಿಮಸನೇ ಮೊದಲಾದವರು ಅವನ್ನೇ ಸಾಕೆಂದು ತಿಳಿದು, ಪ್ರಾಯಶ್ಚಿತ್ತವಿಲ್ಲದೆಯೇ ಬಾಗಿಲನ್ನು ತೆರೆದರು. ಇದು ಗಾಯವನ್ನು ತೊಳೆಯದೆ ಮೇಲೆ ಬಟ್ಟೆ ಸುತ್ತಿದಂತೆ ಎಂಬುದು ಸಿಪ್ರಿಯನನ ಆಕ್ಷೇಪ. ಓಡಿಹೋದವನು ಬಿದ್ದವರ ವಿಚಾರವನ್ನು ಹೇಗೆ ಮಾಡುವನೆಂದು ಅವನ ಮೇಲೆಯೂ ಅಪವಾದವಿದ್ದಿತು.

251ರಲ್ಲಿ ಸಿಪ್ರಿಯನನು ಮರಳಿ ಬಂದು ಬಿಷಪರ ಪರಿಷತ್ತನ್ನು ಕೂಡಿಸಿದನು. ಪತ್ರವನ್ನು ಮಾತ್ರ ಕೊಂಡವರನ್ನು ಒಬ್ಬೊಬ್ಬರನ್ನಾಗಿ ವಿಚಾರಿಸಿ ಸೇರಿಸಿಕೊಳ್ಳಬಹುದು. ಬಲಿಯನ್ನಿತ್ತವರು ದೀರ್ಘಕಾಲ ಪಶ್ಚಾತ್ತಾಪದಲ್ಲಿದ್ದರೆ ಮರಣಕಾಲದಲ್ಲಿ ಅವರಿಗೆ ಸಮಾಧಾನವುಂಟು ಎಂದು ನಿರ್ಣಯವಾಯಿತು. ಅದೇ ವರ್ಷ ರೋಮಾಪುರದಲ್ಲಿ ಕಾರ್ನೀಲಿಯಸನು ಬಿಷಪನಾಗಲು, ನೊವೇಷಿಯನ್ ಎಂಬ ಪಂಡಿತನು ಪ್ರತಿಸ್ಪರ್ಧಿಯಾಗಿ ನಿಂತನು. ದೇವರು ಕ್ಷಮಿಸಿದರೆ ಕ್ಷಮಿಸಲಿ. ದೇವರನ್ನು ಅಲ್ಲಗಳೆದವನನ್ನು ಸೇರಿಸಿಕೊಳ್ಳುವ ಅಧಿಕಾರವು ಸಭೆಗಿಲ್ಲವೆಂಬುದು ಅವನ ವಾದ. 60 ಮಂದಿ ಬಿಷಪರು ರೋಮಿನಲ್ಲಿ ಸೇರಿ ಅವನನ್ನು ಬಹಿಷ್ಕರಿಸಿದರು. ಆದರೂ ಅವನ ಪಂಗಡವು ಶತಮಾನಗಳವರೆಗೆ ಉಳಿಯಿತು.

ವಾದಗಳು ಹೀಗೆ ನಡೆಯುತ್ತಿರಲು ಅಲೆಕ್ಸಾಂಡ್ರಿಯದಲ್ಲಿ ನಡೆದ ಸಂಗತಿಯೊಂದನ್ನು ಅಲ್ಲಿಯ ಬಿಷಪನಾದ ಡಯೊನೀಷಿಯಸನು ಬರೆದಿಟ್ಟಿದ್ದಾನೆ. ಸೆರಪಿಯೋನನೆಂಬ ವೃದ್ಧನು ಬಹುಕಾಲ ನಿರ್ದೋಷಿಯಾಗಿ ಬಾಳಿ, ಹಿಂಸೆಯಲ್ಲಿ ಬಲಿಯನ್ನಿತ್ತನು. ಬಳಿಕ ಎಷ್ಟು ಬೇಡಿಕೊಂಡರೂ ಅವನ ಮಾತಿಗೆ ಯಾರೂ ಕಿವಿಗೊಡಲಿಲ್ಲ. ಅವನು ಕಾಯಿಲೆ ಬಿದ್ದು ಮೂರು ದಿನ ಮಾತಿಲ್ಲದೆ ಮಲಗಿದ್ದನು. ನಾಲ್ಕನೆಯ ದಿನ ತುಸು ಎಚ್ಚರವಾಗಲು, ಮಗಳ ಮಗನನ್ನು ಕರೆದು ಗುರುವನ್ನು ಕರೆತರಹೇಳಿದನು. ಆಗ ರಾತ್ರಿ, ಗುರುವೂ ಕಾಯಿಲೆಯಲ್ಲಿದ್ದನು. ಸಾಯುವವರು ಬೇಡಿದರೆ ನಿರಾಶೆಗೊಳಿಸಬಾರದೆಂದು ಬಿಷಪನ ಅಪ್ಪಣೆಯಿದ್ದುದರಿಂದ, ಗುರುವು ಪ್ರಸಾದದ ರೊಟ್ಟಿಯ ಚೂರೊಂದನ್ನು ಹುಡುಗನ ಕೈಯಲ್ಲಿಟ್ಟು, ನೆನೆಯಿಸಿ ಮುದುಕನ ಬಾಯಲ್ಲಿ ಹಾಕೆಂದನು. ಹುಡುಗನು ಹಾಗೆಯೇ ಮಾಡಿದನು. ಅದನ್ನು ನುಂಗಿದೊಡನೆ ಮುದುಕನು ಪ್ರಾಣಬಿಟ್ಟನು.

ಗಾಲಸ್ ಚಕ್ರವರ್ತಿಯ ಕಾಲದಲ್ಲಿ ಹೊಸ ಹಿಂಸೆಯ ಸೂಚನೆ ಕಾಣಲು, ಸಿಪ್ರಿಯನನೂ ಅವನ ಸಂಗಡದ ಬಿಷಪರೂ ನಿರ್ಣಯವನ್ನು ಸಡಿಲಿಸಿ, ಪಶ್ಚಾತ್ತಾಪದಲ್ಲಿ ನಿಂತವರೆಲ್ಲರನ್ನೂ ಒಳಗೆ ತೆಗೆದುಕೊಂಡರು. ಯುದ್ಧಕ್ಕೆ ಹೋಗುವವನನ್ನು ಆಯುಧವಿಲ್ಲದೆ ಕಳುಹಿಸಲಾಗದೆಂಬುದು ಅವರ ಯುಕ್ತಿ. ಮುಂದೆ 325ರ ನಿಸೀಯ ಮಹಾಪರಿಷತ್ತು, ಬಲವಂತವಿಲ್ಲದೆಯೇ ಬಿದ್ದವರಿಗೆ ಸಹ 12 ವರ್ಷಗಳ ಪ್ರಾಯಶ್ಚಿತ್ತವನ್ನು ವಿಧಿಸಿ ಬಾಗಿಲನ್ನು ತೆರೆದೇ ಇಟ್ಟಿತು; ಅವಧಿಯು ದೀರ್ಘವಾದರೂ ಅದಕ್ಕೊಂದು ಕೊನೆಯಿದ್ದಿತು.

ಸಿಪ್ರಿಯನನು 258ರ ಸೆಪ್ಟೆಂಬರ್ 14ರಂದು, ಈ ಸಲ ಓಡದೆ, ಕಾರ್ಥೇಜಿನಲ್ಲಿ ಖಡ್ಗಕ್ಕೆ ಕೊರಳೊಡ್ಡಿದನು. ಒಮ್ಮೆ ಅಡಗಿದವನಿಗೆ ಎರಡನೆಯ ಅವಕಾಶ ಒದಗಿದ್ದಿತು. ಬಿದ್ದವರಿಗೂ ಅಂತಹುದೇ ಅವಕಾಶವು ಸಲ್ಲಬೇಕೆಂದು ಅವನು ಅದಕ್ಕೆ ಮೊದಲೇ ಇತ್ಯರ್ಥಮಾಡಿದ್ದನು.